ಚಿತ್ರಗಾರರ ಮನೆಯ ನಿಲುಗನ್ನಡಿ

ನಾನು ಒಂದು ನಿಲುಗನ್ನಡಿ. ಆಳೆತ್ತರ ಇದ್ದೇನೆ, ತೇಗದ ಚೌಕಟ್ಟಿದೆ, ಚೌಕಟ್ಟಿನ ನೆತ್ತಿಯಲ್ಲಿ ಎರಡು ಗಿಳಿಗಳಿವೆ. ನೋಡಿದವರೆಲ್ಲ ‘ಬೆಲ್ಜಿಯಂ ಕನ್ನಡಿ’ ಎನ್ನುತ್ತಾರೆ. ಅಲ್ಲ ಎಂದು ನಾನೂ ಹೇಳಲು ಹೋಗಿಲ್ಲ. ನಿಜ ಹೇಳಬೇಕೆಂದರೆ ಗಾಜು ಮಾತ್ರ ಹಡಗಿನಲ್ಲಿ ಬಂದದ್ದು, ಎಲ್ಲಿಂದ ಎಂದು ದೇವರಿಗೇ ಗೊತ್ತು. ಬೆನ್ನಿಗೆ ರಸ ಹಚ್ಚಿ ನನ್ನನ್ನು ಕನ್ನಡಿ ಮಾಡಿದ್ದು ಮೈಸೂರಿನ ಶಿವರಾಂಪೇಟೆಯ ಒಂದು ಕಿರಿದಾದ ಅಂಗಡಿಯಲ್ಲಿ. ಅಲ್ಲಿಯವರೆಗೂ ನಾನು ಬರೀ ಗಾಜು. ಬಂದವರೆಲ್ಲ ನನ್ನ ಮೂಲಕ ಆಚೆ ಬೀದಿ ನೋಡುತ್ತಿದ್ದರು. ರಸ ಒಣಗಿದ ಮಧ್ಯಾಹ್ನ ಅಂಗಡಿಯ ಮುದುಕ ಸಾಬರು ನನ್ನನ್ನು ಎತ್ತಿ ನಿಲ್ಲಿಸಿ, ಗಡ್ಡ ನೇವರಿಸಿಕೊಂಡು, “ಹಾಂ, ಈಗ ಜೀವ ಬಂತು ನೋಡು” ಎಂದರು. ನಾನು ಕಂಡ ಮೊದಲ ಮುಖ ಅದು. ಎರಡೇ ಹಲ್ಲಿನ ನಗು, ಆದರೂ ಚೆನ್ನಾಗಿತ್ತು.

ಅಲ್ಲಿಂದ ನನ್ನನ್ನು ಒಂದು ಕಲ್ಯಾಣಮಂಟಪದವರು ಕೊಂಡುಕೊಂಡು ಹೋದರು. ಹೆಣ್ಣಿನ ಕೋಣೆಯಲ್ಲಿ ಹದಿನಾಲ್ಕು ವರ್ಷ ನಿಂತೆ. ಅಯ್ಯೋ, ಆ ಗಲಾಟೆ ಯಾರಿಗೂ ಬೇಡ! ಮದುಮಗಳು ನನ್ನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಹತ್ತು ಜನ ಚಿಕ್ಕಮ್ಮಂದಿರು, ಅತ್ತೆಯಂದಿರು ಅವಳ ಹೆಗಲ ಮೇಲಿಂದ ತಮ್ಮ ತಮ್ಮ ಓಲೆ ನೋಡಿಕೊಳ್ಳುತ್ತಿದ್ದರು. ಒಬ್ಬಳ ಸೋದರಮಾವ ಟ್ರಂಕು ಸಾಗಿಸುವಾಗ ಒಂದು ಗಿಳಿಯ ಕೊಕ್ಕು ಮುರಿದೇ ಹಾಕಿದ. ಮೊಗ್ಗಿನ ಜಡೆಗಳನ್ನು ಮಾತ್ರ ಅಲ್ಲಿ ನೂರಾರು ನೋಡಿದೆ. ಗೊತ್ತಲ್ಲ ನಿಮಗೆ? ಬಾಳೆಪಟ್ಟೆಯ ಮೇಲೆ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಹೊಲಿದು, ನಡುವೆ ಕನಕಾಂಬರ, ಮರುಗ ಸೇರಿಸಿ, ನೆತ್ತಿಯಿಂದ ಸೊಂಟದವರೆಗೆ ಜಡೆಯ ಮೇಲೆ ಕಟ್ಟುತ್ತಾರೆ. ಅದನ್ನು ಕಟ್ಟಿಸಿಕೊಂಡ ಹೆಣ್ಣಿನ ಕತ್ತು ತಾನಾಗಿಯೇ ನೆಟ್ಟಗಾಗುತ್ತದೆ. ಆದರೆ ಒಂದು ಮುಖವನ್ನಾದರೂ ನಾನು ನೆಮ್ಮದಿಯಾಗಿ ನೋಡಿದೆನೇ? ಇಲ್ಲ. “ಮುಹೂರ್ತ ಮೀರ್ತಾ ಇದೆ, ನಡಿಯೇ!” ಎಂದು ಎಳೆದುಕೊಂಡು ಹೋಗುತ್ತಿದ್ದರು.

ಮಂಟಪವನ್ನು ಹೊಸದಾಗಿ ಕಟ್ಟಿಸಿದಾಗ ಹಳೆಯ ಸಾಮಾನನ್ನೆಲ್ಲ ಮಾರಿದರು. ನನ್ನನ್ನು ಕೊಂಡವರು ಚೆನ್ನಿಗರಾಜು ಎಂಬ ಚಿತ್ರಗಾರರು. ಮದುವೆಯಾದ ಎರಡನೇ ವರ್ಷಕ್ಕೆ ಹೆಂಡತಿಯನ್ನು ಕಳೆದುಕೊಂಡವರು. ಯಾರಾದರೂ ಮತ್ತೆ ಮದುವೆಯ ಮಾತೆತ್ತಿದರೆ ಕುಂಚ ತೊಳೆಯಲು ಎದ್ದುಬಿಡುತ್ತಿದ್ದರು. ಮನೆಯಲ್ಲಿ ಅವರೂ ಅವರ ತಾಯಿ ತಿಮ್ಮಾಜಮ್ಮನವರೂ ಇಬ್ಬರೇ.

ರಾಜುಗಳ ಕಸುಬು ಹೂವು ಹಿಡಿದ ಹೆಂಗಸರನ್ನು ಬರೆಯುವುದು. ಊದುಬತ್ತಿ ಪೊಟ್ಟಣಕ್ಕೆ, ಕ್ಯಾಲೆಂಡರಿಗೆ, ಸಾಬೂನಿನ ಡಬ್ಬಕ್ಕೆ. ಗುಲಾಬಿ ಮೂಸುತ್ತ ಚಂದ್ರನನ್ನು ನೋಡುವವಳು, ತಾವರೆ ಹಿಡಿದು ಕೊಳದ ಮೆಟ್ಟಿಲ ಮೇಲೆ ಯಾರಿಗೋ ಕಾಯುವವಳು, ಸಂಪಿಗೆ ಮರಕ್ಕೆ ಒರಗಿ ನಿಟ್ಟುಸಿರು ಬಿಡುವವಳು. ಒಂದು ಚಿತ್ರ ಮುಗಿದರೆ ಅದನ್ನು ತಂದು ನನ್ನ ಮುಂದೆ ಹಿಡಿಯುತ್ತಿದ್ದರು. ಕನ್ನಡಿಯಲ್ಲಿ ಎಡ ಬಲವಾಗಿ ಕಂಡರೆ ತಪ್ಪೆಲ್ಲ ಬಯಲಾಗುತ್ತದೆ. ಒಂದು ಕಣ್ಣು ಮೇಲಕ್ಕೆ ಹೋಗಿದ್ದರೆ ನಾನು ಮುಲಾಜಿಲ್ಲದೆ ತೋರಿಸುತ್ತಿದ್ದೆ. ಆದರೆ ದೊಡ್ಡ ತಪ್ಪೊಂದಿತ್ತು, ಅದನ್ನು ತೋರಿಸಲು ನನ್ನಿಂದಲೂ ಆಗುತ್ತಿರಲಿಲ್ಲ. ಅಷ್ಟೂ ಹೆಂಗಸರಿಗೆ ಒಂದೇ ಮುಖ. ಅಂಗಡಿಯ ಬೊಂಬೆಯ ಮುಖ.

ತಿಮ್ಮಾಜಮ್ಮನವರು ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. “ಎಲ್ಲಾ ಒಂದೇ ತಾಯಿ ಮಕ್ಕಳಂಗವ್ರೆ ಕಣೋ ಚೆನ್ನಿಗ. ಅದೂ ಅಲ್ದೆ ಈ ಮಹಾತಾಯಿ ತಾವರೆ ದಂಟನ್ನ ಸೌಟು ಹಿಡ್ಕೊಂಡಂಗೆ ಹಿಡ್ಕೊಂಡವ್ಳೆ. ನೀರೆಲ್ಲಾ ಸೀರೆ ಮೇಲೆ ಸುರಿಯಲ್ವಾ?”

“ಅಮ್ಮ, ಅದು ಕಲ್ಪನೆ.”

“ಕಲ್ಪನೆಗೆ ಸೀರೆ ಒಗೆಯೋ ಕಷ್ಟ ಎಲ್ಲಿ ಗೊತ್ತಾಗ್ತದೆ, ಬಿಡು.”

ಹೀಗಿರುವಾಗ ಪುಟ್ಟರಂಗಶೆಟ್ಟರು ಬಂದರು. ಊದುಬತ್ತಿ ಕಾರ್ಖಾನೆಯವರು, ಮಾತಿಗೆ ಮುಂಚೆ ನಗುವ ಮನುಷ್ಯ. ‘ಮೊಗ್ಗಿನ ಜಡೆ’ ಎಂದು ಹೊಸ ಬತ್ತಿ ತರುತ್ತಿದ್ದೇವೆ, ಪೊಟ್ಟಣದ ಮೇಲೆ ಮೊಗ್ಗಿನ ಜಡೆ ಹಾಕಿಕೊಂಡು ಕನ್ನಡಿ ಮುಂದೆ ಕೂತ ಹೆಣ್ಣು ಬೇಕು, ಜಡೆ ಪೂರ್ತಿ ಕಾಣಬೇಕು ಎಂದರು. ಕನ್ನಡಿ ಎಂದಾಗ ನನಗೆ ಸ್ವಲ್ಪ ಜಂಬ ಬಂದದ್ದು ಸುಳ್ಳಲ್ಲ.

ರಾಜು ಎರಡು ದಿನ ತಿಣುಕಾಡಿದರು. ನೆನಪಿನಿಂದ ಬರೆದ ಜಡೆ ಮೆಕ್ಕೆಜೋಳದ ತೆನೆಯ ಹಾಗೆ ಬಂತು. ತಿಮ್ಮಾಜಮ್ಮನವರು ಬಿದ್ದು ಬಿದ್ದು ನಕ್ಕು, ಮನೆಗೆ ದಿನಾ ಹೂವು ಕೊಡುವ ಹೊಂಬಾಳಮ್ಮನನ್ನು ಒಳಗೆ ಕರೆದರು.

ಹೊಂಬಾಳಮ್ಮ ಮಾರುಕಟ್ಟೆಯಲ್ಲಿ ಹೂವು ಮಾರುವವಳು. ಮೂವತ್ತೆರಡರ ಸುಮಾರು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇಡೀ ಮೈಸೂರಿನ ಹೆಣ್ಣುಮಕ್ಕಳ ತಲೆಗೆ ಹೂವು ಕಟ್ಟಿಕೊಟ್ಟು, ತಾನು ಮಾತ್ರ ಒಂದು ಎಸಳೂ ಮುಡಿಯುತ್ತಿರಲಿಲ್ಲ. ಮುಡಿಯುವ ಹಾಗಿರಲಿಲ್ಲ. ಅವಳು ಕೂರುತ್ತಿದ್ದ ಹೂವಿನ ಕಟ್ಟೆ ಮೈದುನನ ಹೆಸರಲ್ಲಿತ್ತು, ಅವನ ಕಣ್ಣು ಯಾವಾಗಲೂ ಅವಳ ಮೇಲೆಯೇ. ಏನಾದರೂ ಮಾತು ಬಂದರೆ ಅಂದೇ ಕಟ್ಟೆಯಿಂದ ಎಬ್ಬಿಸುತ್ತೇನೆ ಎಂದು ಹೇಳಿಯೇ ಇಟ್ಟಿದ್ದ.

“ಜಡೆ ಹೆಣ್ಕೊಡ್ತೀನಿ. ಆದ್ರೆ ಕಟ್ಟಕ್ಕೆ ತಲೆ ಬೇಕಲ್ಲ ಸ್ವಾಮಿ?” ಎಂದಳು.

ತಲೆ ಎಲ್ಲಿದೆ? ತಿಮ್ಮಾಜಮ್ಮನವರದು ಬೆಳ್ಳಿ ಎಳೆಯಂಥ ನಾಲ್ಕು ಕೂದಲು. ನೆರೆಹೊರೆಯಲ್ಲಿ ಕೇಳಿದರೆ, ಚಿತ್ರಗಾರರ ಮುಂದೆ ಕೂರಲು ಯಾರು ಹೆಣ್ಣುಮಕ್ಕಳನ್ನು ಕಳಿಸುತ್ತಾರೆ? ಆಗ ತಿಮ್ಮಾಜಮ್ಮನವರ ಕಣ್ಣು ಹೊಂಬಾಳಮ್ಮನ ಗಂಟಿನ ಮೇಲೆ ಬಿತ್ತು. ಬಿಚ್ಚಿದರೆ ಮಂಡಿ ಮುಟ್ಟುವ ಕೂದಲು.

“ನೀನೇ ಕೂತ್ಕೊಳ್ಳೇ. ನಾನಿಲ್ವಾ ಇಲ್ಲಿ? ಬಾಗಿಲು ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗ್ತದೆ?”

“ಅಯ್ಯೋ, ಬುಡ್ತು ಅನ್ನಿ ಅವ್ವಾರೆ! ನಾನು ಹೂವಾ?”

“ಯಾಕೆ, ಹೂವೇನು ಕಚ್ತದಾ? ನಾನೂ ನಿನ್ನಂಗೇ ಬರಿ ಹಣೆಯೋಳು. ನಂಗೆ ಗೊತ್ತಿಲ್ವಾ ಅದರ ಸಂಕಟ?”

ಹೊಂಬಾಳಮ್ಮ ಬುಟ್ಟಿ ಕೆಳಗಿಟ್ಟು, ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ರಾಜುಗಳ ಕಡೆ ನೋಡದೆ ಹೇಳಿದಳು: “ಬೆನ್ನು ಮಾತ್ರ ಬರೀರಿ. ಮಖ ಬರೀಬ್ಯಾಡಿ. ಮಖ ಕಂಡ್ರೆ ನನ್ ಕಟ್ಟೆ ಹೋಯ್ತದೆ, ಹೊಟ್ಟೆಪಾಡು ಹೋಯ್ತದೆ.”

“ಆಣೆ ಮಾಡಿ ಹೇಳ್ತೀನಿ, ಬರೆಯಲ್ಲ” ಎಂದರು ರಾಜು.

ಮೊಗ್ಗು ಸಂಜೆಗೆ ಅರಳಿಬಿಡುತ್ತದೆ, ಅರಳಿದರೆ ಜಡೆಯ ಅಂದ ಹೋಯಿತು. ಹಾಗಾಗಿ ದಿನಕ್ಕೆ ಎರಡೇ ಗಂಟೆ ಕೆಲಸ, ಮಧ್ಯಾಹ್ನ ಮೂರರಿಂದ ಐದು. ಹೊಂಬಾಳಮ್ಮ ಹೊಲಿದು ತಂದ ಜಡೆಯನ್ನು ತಿಮ್ಮಾಜಮ್ಮನವರು ಅವಳ ಕೂದಲಿಗೆ ಕಟ್ಟುತ್ತಿದ್ದರು. ನನ್ನ ಮುಂದೆ ಕುರ್ಚಿ. ಅವಳ ಬೆನ್ನು ರಾಜುಗಳಿಗೆ, ಮುಖ ನನಗೆ.

ಮೊದಲ ದಿನ ತಲೆ ಎತ್ತಲೇ ಇಲ್ಲ. ನನಗೆ ಕಂಡದ್ದು ಬೈತಲೆ ಮಾತ್ರ. ಎರಡನೇ ದಿನ ಕತ್ತು ನೋವಾಯಿತೋ ಏನೋ, ಮೆಲ್ಲಗೆ ತಲೆ ಎತ್ತಿದಳು, ನನ್ನೊಳಗೆ ತನ್ನನ್ನು ನೋಡಿಕೊಂಡಳು. ಯಾರೋ ಬೇರೆಯವರು ಕೂತಿದ್ದಾರೆ ಎನ್ನುವ ಹಾಗೆ ಒಂದು ಕ್ಷಣ ಬೆಚ್ಚಿದಳು. ಆಮೇಲೆ ಕೆನ್ನೆಯ ಪಕ್ಕಕ್ಕೆ ಇಳಿಬಿದ್ದಿದ್ದ ಒಂದು ಮೊಗ್ಗನ್ನು ಬೆರಳಿನಿಂದ ಮುಟ್ಟಿದಳು. ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಕ್ಕಳು. ಸಾವಿರ ಮದುಮಕ್ಕಳನ್ನು ಕಂಡಿದ್ದೇನೆ, ಅಂಥ ಮುಖ ಕಂಡಿರಲಿಲ್ಲ. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು. ಇದರಲ್ಲಿ ನಾಚಿಕೆ ಏನು ಬಂತು, ಹೇಳಿಯೇಬಿಟ್ಟೆ.

ತೊಂದರೆ ಏನೆಂದರೆ, ನನ್ನೊಳಗೆ ಏನು ಕಂಡರೂ ನಾನು ಮುಚ್ಚಿಟ್ಟುಕೊಳ್ಳಲಾರೆ. ಅವಳ ಬೆನ್ನ ಹಿಂದೆ ನಿಂತ ರಾಜುಗಳಿಗೆ ಆ ಮುಖ ಪೂರ್ತಿ ಕಂಡಿತು. ಕುಂಚ ಅಲ್ಲೇ ನಿಂತಿತು. ಆಮೇಲೆ ಅದು ಎಲ್ಲಿ ಓಡಿತು ಎಂದು ನನಗೆ ಗೊತ್ತಾಗಲಿಲ್ಲ, ಚಿತ್ರದ ಹಿಂಬದಿ ಮಾತ್ರ ನನ್ನ ಕಡೆಗಿತ್ತು. ತಿಮ್ಮಾಜಮ್ಮನವರು ಮಗನ ಪಕ್ಕಕ್ಕೆ ಹೋಗಿ ಇಣುಕಿದರು. ಅವರು ತಪ್ಪು ಹುಡುಕದೆ ಈಚೆ ಬಂದದ್ದು ಅದೇ ಮೊದಲು.

ನಾಲ್ಕನೇ ದಿನ ಶೆಟ್ಟರು ಬಂದರು. ಹೊಂಬಾಳಮ್ಮ ಹೂವು ಕೊಡಲು ಬಂದವಳು, ಅವರನ್ನು ಕಂಡು ಸೆರಗು ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು. ರಾಜು ಚಿತ್ರದ ಮೇಲಿನ ಬಟ್ಟೆ ತೆಗೆದು, ಶೆಟ್ಟರಿಗೆ ಕಾಣಲೆಂದು ಈಚೆಗೆ ತಿರುಗಿಸಿದರು. ಆಗ ನಾನೂ ನೋಡಿದೆ.

ಚಿತ್ರದಲ್ಲಿ ಮೊಗ್ಗಿನ ಜಡೆ ಇತ್ತು, ಮೊಗ್ಗುಗಳನ್ನು ಎಣಿಸಬಹುದಾಗಿತ್ತು. ಜಡೆಯ ಆಚೆ ನಾನಿದ್ದೆ, ನನ್ನ ಗಿಳಿಗಳಿದ್ದವು. ನನ್ನೊಳಗೆ ಹೊಂಬಾಳಮ್ಮನ ಮುಖ, ಕಣ್ಣು ತುಂಬಿ ನಗುತ್ತಿದ್ದ ಅದೇ ಮುಖ.

“ಆಹಾ! ಏನ್ ಕೈ ರಾಜುಗಳೇ ನಿಮ್ದು! ಉಸಿರಾಡ್ತಾ ಇದ್ದಾಳಲ್ರೀ” ಎಂದು ಶೆಟ್ಟರು ಹತ್ತಿರ ಬಂದರು. ಬಂದವರು ಅಲ್ಲೇ ನಿಂತರು. “ಇದೇನ್ರೀ ಇದು? ಹಣೇಲಿ ಬೊಟ್ಟೇ ಇಲ್ವಲ್ಲ!”

ರಾಜು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಇಪ್ಪತ್ತು ವರ್ಷ ಕಲ್ಪನೆಯ ಹೆಂಗಸರಿಗೆಲ್ಲ ಕಣ್ಣು ಮುಚ್ಚಿ ಬೊಟ್ಟು ಇಟ್ಟವರು, ನಿಜವಾದ ಹೆಣ್ಣೊಬ್ಬಳು ಸಿಕ್ಕಾಗ ಮರೆತುಬಿಟ್ಟಿದ್ದರು.

“ಜಡೆ ತುಂಬ ಮೊಗ್ಗು, ಹಣೆ ನೋಡಿದ್ರೆ ಬೋಳು! ಇದನ್ನ ಊದಿನಕಡ್ಡಿ ಮೇಲೆ ಹಾಕಿದ್ರೆ ಯಾರು ದೇವರ ಮನೆಗೆ ತಗೊಂಡು ಹೋಗ್ತಾರೆ? ಒಂದು ಬೊಟ್ಟು ಇಟ್ಟುಬಿಡಿ, ಈಗಲೇ ಎತ್ಕೊಂಡು ಹೋಗ್ತೀನಿ.” ಶೆಟ್ಟರು ಚಿತ್ರವನ್ನು ಇನ್ನೊಮ್ಮೆ ನೋಡಿದರು. “ಈ ಮುಖ ಎಲ್ಲೋ ನೋಡಿದಂಗಿದೆ ಅಲ್ವಾ?”

ಅಡುಗೆಮನೆ ಬಾಗಿಲಲ್ಲಿ ಹೂವಿನ ಬುಟ್ಟಿ ಕೆಳಕ್ಕೆ ಬಿತ್ತು.

ರಾಜು ಕುಂಚ ತೆಗೆದುಕೊಂಡರು. ಕೆಂಪು ಬಣ್ಣದಲ್ಲಿ ಅದ್ದಿದರು. ಚಿತ್ರದ ಹಣೆಯವರೆಗೆ ಕೈ ಹೋಯಿತು, ಹೋಗಿ ನಿಂತಿತು. ಒಂದೇ ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಅದನ್ನೂ ಇಡದೆ ಕುಂಚ ಕೆಳಗಿಟ್ಟರು.

“ಆಗಲ್ಲ ಶೆಟ್ರೇ.”

“ಯಾಕಾಗಲ್ಲ? ಒಂದು ಬೊಟ್ಟು!”

“ಆ ಹಣೆಗೆ ಬೊಟ್ಟು ಇಡೋಕೆ ನಾನು ಯಾರು?”

ಶೆಟ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ನಾಳೆ ಇದೇ ಹೊತ್ತಿಗೆ ಬರುತ್ತೇನೆ, ಅಷ್ಟರಲ್ಲಿ ಸರಿಮಾಡಿ, ಇಲ್ಲದಿದ್ದರೆ ಬೇರೆಯವರ ಕೈಲಿ ಬರೆಸುತ್ತೇನೆ ಎಂದು ಹೊರಟರು.

ಹೊಂಬಾಳಮ್ಮ ಈಚೆ ಬಂದಳು. ಬಿದ್ದ ಹೂವನ್ನು ತಿರುಗಿಯೂ ನೋಡಲಿಲ್ಲ, ಅಷ್ಟು ಕೋಪ. “ಮಖ ಬರೀಬ್ಯಾಡಿ ಅಂದಿರ್ನಿಲ್ವಾ? ಆಣೆ ಮಾಡ್ಲಿಲ್ವಾ ನೀವು?”

“ಮಾಡಿದ್ದೆ. ಕನ್ನಡೀಲಿ ಕಂಡುಬಿಡ್ತು ಹೊಂಬಾಳಮ್ಮ. ಕಂಡ ಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ತಪ್ಪಾಯ್ತು.”

ನೋಡಿ, ಕೊನೆಗೆ ನನ್ನ ಮೇಲೆ ಬಂತು! ಆದರೆ ಸಿಟ್ಟಾಗಲು ನನಗೂ ಮನಸ್ಸು ಬರಲಿಲ್ಲ. ನಾನು ತೋರಿಸದಿದ್ದರೆ ಅವರಿಗೆ ಎಲ್ಲಿ ಕಾಣುತ್ತಿತ್ತು?

“ಅಳಿಸಿ” ಎಂದಳು.

ರಾಜು ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಬಟ್ಟೆ ನೆನೆಸಿದರು. ಅಷ್ಟರಲ್ಲಿ ತಿಮ್ಮಾಜಮ್ಮನವರು ಮಗನ ಕೈ ಹಿಡಿದರು. “ತಡಿಯೋ. ಅಳಿಸೋಕೆ ಮುಂಚೆ ಅವಳು ಒಂದ್ಸಲ ಸರಿಯಾಗಿ ನೋಡ್ಕೊಳ್ಳಲಿ.”

ಹೊಂಬಾಳಮ್ಮ ನೋಡಿದಳು. ಹತ್ತಿರ ಹೋಗಿ ನೋಡಿದಳು. ಕೋಪ ಎಲ್ಲಿ ಹೋಯಿತೋ.

“ನಾನು ಹಿಂಗಿದೀನಾ ಸ್ವಾಮಿ?”

“ಹೀಗೇ ಇದೀರಿ. ನಾನು ಇಷ್ಟು ವರ್ಷ ಬರೆದೋರಲ್ಲಿ ಮುಖ ಇರೋದು ನಿಮಗೊಬ್ಬರಿಗೇ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು. ತಾನೇ ಒರೆಸಿದಳು. ಮೊದಲು ಹಣೆ, ಆಮೇಲೆ ಕಣ್ಣು, ಕೊನೆಗೆ ನಗು. ತಿಮ್ಮಾಜಮ್ಮನವರು ಆಚೆಗೆ ಮುಖ ತಿರುಗಿಸಿಕೊಂಡರು. ನನಗೆ ತಿರುಗಿಸಿಕೊಳ್ಳಲು ಬರುವುದಿಲ್ಲ, ನೋಡುತ್ತ ನಿಂತಿರಬೇಕು. ನನ್ನ ಆಯುಸ್ಸಿನಲ್ಲಿ ನಾನು ಅಷ್ಟು ಸಂಕಟ ಪಟ್ಟದ್ದಿಲ್ಲ.

ಮುಖವಿದ್ದ ಜಾಗಕ್ಕೆ ರಾಜು ರಾತ್ರಿಯೊಳಗೆ ಮಂಜು ಕವಿದ ಹಾಗೆ ಬೂದು ಬಣ್ಣ ಎಳೆದರು. ಶೆಟ್ಟರು ಖುಷಿಯಾಗಿ ಒಯ್ದರು, ಜಡೆ ಸಾಕಂತೆ. ಬತ್ತಿ ಜೋರಾಗಿ ಖರ್ಚಾಯಿತು. ಮಾರುಕಟ್ಟೆಯಲ್ಲಿ ಹೊಂಬಾಳಮ್ಮನ ಮೈದುನ ದಿನಾ ಬೆಳಿಗ್ಗೆ ಅದೇ ಪೊಟ್ಟಣ ಬಿಚ್ಚಿ, ಅದೇ ಬೆನ್ನಿಗೆ ಕೈಮುಗಿದು ಬತ್ತಿ ಹಚ್ಚುತ್ತಿದ್ದನಂತೆ. ಅವಳೇ ಬಂದು ಹೇಳಿ, ತಿಮ್ಮಾಜಮ್ಮನವರೂ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ರಾಜು ಯಾವ ಹೆಣ್ಣಿನ ಮುಖವನ್ನೂ ಬರೆಯಲಿಲ್ಲ. ಹೂವು ಇರುತ್ತಿತ್ತು, ಹೆಣ್ಣೂ ಇರುತ್ತಿದ್ದಳು, ಆದರೆ ಬೆನ್ನು ತಿರುಗಿಸಿರುತ್ತಿದ್ದಳು. ನೋಡಿದವರೆಲ್ಲ ‘ಏನು ಭಾವ, ಏನು ಭಾವ’ ಎಂದು ತಲೆದೂಗುತ್ತಿದ್ದರು.

ತಿಮ್ಮಾಜಮ್ಮನವರು ಸುಮ್ಮನೆ ಇರುವವರಲ್ಲ. ಮರುವರ್ಷ ಮಲ್ಲಿಗೆ ಕಾಲಕ್ಕೆ ಹೊಂಬಾಳಮ್ಮನನ್ನು ಹಿಡಿದು ಕೂರಿಸಿ, “ಬಾರೇ, ಕಟ್ತೀನಿ. ಯಾರೂ ಬರಿಯೋದು ಬೇಡ, ಸುಮ್ನೆ ಕೂತ್ಕೋ” ಎಂದರು. ಅವಳು ಕೂತಳು. ಹಾಗೆ ವರ್ಷಕ್ಕೊಂದು ಮಧ್ಯಾಹ್ನ, ಒಂಬತ್ತು ವರ್ಷ. ಜಡೆ ಕಟ್ಟಿಸಿಕೊಂಡು ನನ್ನ ಮುಂದೆ ಎರಡು ಗಂಟೆ ಕೂರುತ್ತಿದ್ದಳು. ರಾಜು ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದರು. ಅವಳು ನನ್ನೊಳಗೆ ಅವರನ್ನು ನೋಡುತ್ತಿದ್ದಳು, ಅವರು ನನ್ನೊಳಗೆ ಅವಳನ್ನು. ಮಾರುಕಟ್ಟೆಯ ಸುದ್ದಿ, ಮಳೆ, ಹೂವಿನ ದರ, ಇಂಥವೇ ಮಾತು. ಮೊಗ್ಗು ಅರಳಲು ಶುರುವಾದರೆ ಬಿಚ್ಚಿ ಬುಟ್ಟಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು.

ತಿಮ್ಮಾಜಮ್ಮನವರು ತೀರಿಕೊಂಡ ಮೇಲೆ ಅದೂ ನಿಂತಿತು. ಗಂಡಸೊಬ್ಬನೇ ಇರುವ ಮನೆಯೊಳಗೆ ಅವಳು ಹೇಗೆ ಬಂದಾಳು? ದಿನಾ ಬಾಗಿಲವರೆಗೆ ಬರುವುದು, ತಾಯಿಯ ಫೋಟೋಕ್ಕೆಂದು ಒಂದು ಮೊಳ ಹೂವು ಕೊಡುವುದು, ಹೋಗುವುದು. ನನಗೆ ಹೊಸ್ತಿಲಿನ ಅರ್ಧ ಮಾತ್ರ ಕಾಣುತ್ತದೆ. ಹದಿನಾರು ವರ್ಷ ಅವಳ ಬುಟ್ಟಿಯನ್ನೂ ಪಾದವನ್ನೂ ನೋಡಿಕೊಂಡೇ ಕಳೆದೆ. ರಾಜುಗಳೂ ಬಾಗಿಲು ಹಾಕಿ ಬಂದು ನನ್ನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಪಾಪ, ನನ್ನೊಳಗೆ ಅವರನ್ನು ಬಿಟ್ಟು ಇನ್ನಾರೂ ಇರುತ್ತಿರಲಿಲ್ಲ.

ನನಗೂ ವಯಸ್ಸಾಯಿತು. ರಸ ಉದುರಿ ಅಂಚಿಗೆಲ್ಲ ಕಪ್ಪು ಬಂದಿದೆ, ನಡುವೆ ಭೂಪಟದ ಹಾಗೆ ಕಲೆ. ಈಗ ನನ್ನ ಜಾಗ ಇದೇ ಕೋಣೆಯ ಮೂಲೆ. ಒಂದು ಚಿತ್ರವಾದರೆ ಬರೆದದ್ದನ್ನು ಉಳಿಸಿಕೊಳ್ಳುತ್ತದೆ, ನನಗೆ ಆ ಭಾಗ್ಯವಿಲ್ಲ. ಎದುರಿಗೆ ಇದ್ದಷ್ಟು ಹೊತ್ತು ಅವರು ನನ್ನವರು, ಎದ್ದು ಹೋದರೆ ನಾನು ಖಾಲಿ. ಮುಂಚೆ ಇದಕ್ಕೆ ಬಹಳ ಕೊರಗುತ್ತಿದ್ದೆ. ಈಗ ಕೊರಗುವುದಿಲ್ಲ. ಯಾಕೆಂದು ಕೇಳಿ.

ಕಳೆದ ಬೇಸಿಗೆ ಹಾಡುಹಗಲು ಹನ್ನೊಂದು ಗಂಟೆಗೆ ಹೊಂಬಾಳಮ್ಮ ಹೊಸ್ತಿಲು ದಾಟಿ ನೇರ ಒಳಗೆ ಬಂದಳು. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಸಣ್ಣ ಗಂಟು, ಗಂಟಿನ ಸುತ್ತ ಒಂದು ಮೊಳ ಮಲ್ಲಿಗೆ!

ರಾಜು ಕುರ್ಚಿಯಿಂದ ಎದ್ದೇಬಿಟ್ಟರು. “ಇದೇನು ಹೊಂಬಾಳಮ್ಮ?”

“ಮೈದ್ನ ಹೋಗಿ ವರ್ಸ ಆಯ್ತಲ್ಲ. ಅವ್ನ ಮಕ್ಳಿಗೆ ಹೂವಿನ ಕಟ್ಟೆ ಬ್ಯಾಡ್ವಂತೆ. ನಿನ್ನೆ ಕಾಗದ ನನ್ ಹೆಸ್ರಿಗೆ ಆಯ್ತು. ಇವತ್ತು ಮಾರ್ಕೆಟ್ಟಿಂದ ಇಲ್ಲಿಗಂಟ ಮುಡ್ಕೊಂಡೇ ಬಂದೆ.”

“ಯಾರೂ ಏನೂ ಅನ್ನಲಿಲ್ವಾ?”

“ಅಂದ್ಲು, ಒಬ್ಳು. ಮೊಳ ಎಷ್ಟು ಅಂದ್ಲು.”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಹೇಳಿದಳು: “ಈಗ ಬರೀರಿ ಸ್ವಾಮಿ. ಮಖಾನೇ ಬರೀರಿ.”

“ಕಣ್ಣಿಗೆ ಪೊರೆ ಬಂದಿದೆ ಕಣಮ್ಮ. ಕೈಯೂ ನಿಲ್ಲಲ್ಲ.”

“ನನ್ ಮಖಾನೂ ಏನ್ ಆಗಿನಂಗೈತಾ? ಸರಿಗೆ ಸರಿ ಆಯ್ತದೆ, ಬರೀರಿ.”

ರಾಜು ಅಭ್ಯಾಸಬಲದಿಂದ ಕುರ್ಚಿಯನ್ನು ನನಗೆ ಎದುರಾಗಿ ಹಾಕಿದರು. ಹೊಂಬಾಳಮ್ಮ ಅದನ್ನು ತಿರುಗಿಸಿ, ಅವರಿಗೆ ಎದುರಾಗಿ ಕೂತಳು. ನನಗೆ ಸಿಕ್ಕಿದ್ದು ಮಲ್ಲಿಗೆ ಸುತ್ತಿದ ಗಂಟು ಮಾತ್ರ. ಮೊದಲು ಹೊಟ್ಟೆ ಉರಿಯಿತು, ಇರಲಿ. ಆಮೇಲೆ ಚಿತ್ರದ ಅಂಚಿನ ಮೇಲೆ ರಾಜುಗಳ ಮುಖ ಕಂಡಿತು. ಅವರು ಅವಳನ್ನು ನೋಡುತ್ತಿದ್ದರು, ನನ್ನ ಮೂಲಕವಲ್ಲ, ನೇರವಾಗಿ. ಪೊರೆ ಬಂದ ಕಣ್ಣು ಅಷ್ಟು ಬೆಳಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಐದು ದಿನ ಬರೆದರು. ಐದನೇ ದಿನ ಅವಳು ಎದ್ದು ಹೋಗಿ ನೋಡಿದಳು. “ಮೂಗು ವಸಿ ದಪ್ಪ ಆಯ್ತು” ಎಂದಳು. ಇನ್ನಷ್ಟು ಹತ್ತಿರ ಬಾಗಿ, “ಹಣೆ ಬರಿದಾಗೈತಲ್ಲ” ಎಂದಳು.

“ಇದ್ದಂಗೆ ಬರೆದಿದೀನಿ.”

ಅವಳು ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಮಾರುಕಟ್ಟೆಯ ಕುಂಕುಮ. ರಾಜು ಕುಂಚಕ್ಕೆ ತಡಕಾಡಿದರು.

“ಚಿತ್ರಕ್ಕಲ್ಲ ಕಣ್ರೀ” ಎಂದಳು ಹೊಂಬಾಳಮ್ಮ. ಸ್ವಾಮಿ ಎನ್ನಲಿಲ್ಲ. ಮತ್ತೆ ಬಂದು ಅದೇ ಕುರ್ಚಿಯಲ್ಲಿ, ನನಗೆ ಬೆನ್ನು ಹಾಕಿ ಕೂತು, ತಲೆ ಎತ್ತಿದಳು. “ಇಲ್ಲಿಗೆ.”

ರಾಜು ಹತ್ತಿರ ಬಂದರು. ಕುಂಕುಮಕ್ಕೆ ಕೆಂಪಾದ ಬೆರಳು ಮುಂದೆ ಹೋದದ್ದನ್ನು ನೋಡಿದೆ, ಅವರ ಕೆನ್ನೆಯ ಮೇಲೆ ಕಣ್ಣೀರು ಇಳಿದದ್ದನ್ನು ನೋಡಿದೆ. ಬೊಟ್ಟು ನೆಟ್ಟಗೆ ಬಿತ್ತೋ, ಸೊಟ್ಟಗೆ ಬಿತ್ತೋ ನನಗೆ ಗೊತ್ತಿಲ್ಲ. ಹೊಂಬಾಳಮ್ಮ ನನ್ನ ಕಡೆ ತಿರುಗಿ ನೋಡಿಕೊಳ್ಳಲೇ ಇಲ್ಲ.